ಸಿಸೇರಿಯನ್ ಹೆರಿಗೆಯ ನಂತರದ ನೋವು ಮತ್ತು ನರತಡೆ ಚುಚ್ಚುಮದ್ದು

ಹೆರಿಗೆಯು ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಹಿರಿಯರಿಂದ ಬಂದಿದೆ. ಮಗುವನ್ನು ಈ ಲೋಕಕ್ಕೆ ತರುವ ತಾಯಿ ತಾನೂ ಜೀವದ ಅಂಚಿನವರೆಗೆ ಹೋಗಿ ಹಿಂದಿರುಗುತ್ತಾಳೆ ಎಂಬುದು ಅದರ ಭಾವ. ಇತ್ತೀಚೆಗೆ ಮನೆಮನೆಗಳಲ್ಲಿ ಇನ್ನೊಂದು ಮಾತೂ ಕೇಳಿಬರುತ್ತಿದೆ: “ಇವಳೇನು ನೋವು ತಿಂದು ಹೆತ್ತಳೇ? ಆಪರೇಷನ್ ಮಾಡಿ ಮಗು ತೆಗೆದರು, ಅಷ್ಟೇ ತಾನೆ.” ಈ ಮಾತನ್ನು ಆಡುವವರಲ್ಲಿ ಕೆಟ್ಟ ಉದ್ದೇಶವಿರಲಾರದು. ಆದರೂ ಅದು ಸತ್ಯಕ್ಕೆ ದೂರವಾದದ್ದು. ಸಿಸೇರಿಯನ್ ಹೆರಿಗೆಯಲ್ಲಿ ನೋವು ತಪ್ಪುವುದಿಲ್ಲ. ಅದು ಬರುವ ಕಾಲ ಮಾತ್ರ ಬದಲಾಗುತ್ತದೆ. ಸಹಜ ಹೆರಿಗೆಯಲ್ಲಿ ಮಗು ಹುಟ್ಟುವ ಮುನ್ನ ಬರುವ ನೋವು, ಇಲ್ಲಿ ಮಗು ಹುಟ್ಟಿದ ಮೇಲೆ, ತಾಯಿಯು ಅದನ್ನು ಎತ್ತಿಕೊಳ್ಳಬೇಕಾದ, ಎದೆಗೆ ಹಚ್ಚಬೇಕಾದ, ತಾನೂ ಎದ್ದು ನಡೆಯಬೇಕಾದ ಹೊತ್ತಿಗೆ ಬಂದು ಕೂರುತ್ತದೆ.

ಈ ನೋವನ್ನು ಹಿಡಿತಕ್ಕೆ ತರಲು ವೈದ್ಯಶಾಸ್ತ್ರದಲ್ಲಿ ಹಲವು ಉಪಾಯಗಳಿವೆ. ಅವುಗಳಲ್ಲಿ ಒಂದಾದ ‘ನರತಡೆ’ ಅಥವಾ ‘ನರ್ವ್ ಬ್ಲಾಕ್’ ಎಂಬ ಚುಚ್ಚುಮದ್ದಿನ ವಿಧಾನವನ್ನು ಸದ್ಭಕ್ತರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಅದು ಏನು ಮಾಡಬಲ್ಲದು, ಏನು ಮಾಡಲಾರದು, ಯಾರಿಗೆ ಹೆಚ್ಚು ಉಪಯುಕ್ತ ಎಂಬುದನ್ನು ತಿಳಿದಿದ್ದರೆ, ಆಸ್ಪತ್ರೆಯಲ್ಲಿ ವೈದ್ಯರೊಡನೆ ಮಾತನಾಡುವಾಗ ಕುಟುಂಬದವರಿಗೆ ಧೈರ್ಯ ಬರುತ್ತದೆ.

ಮನೆಮನೆಯ ಸಂಗತಿ

ಸಿಸೇರಿಯನ್ ಈಗ ಅಪರೂಪದ ಶಸ್ತ್ರಚಿಕಿತ್ಸೆಯಾಗಿ ಉಳಿದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ದೇಶದಲ್ಲಿ ಶೇ. 17.2ರಷ್ಟು ಹೆರಿಗೆಗಳು ಶಸ್ತ್ರಚಿಕಿತ್ಸೆಯ ಮೂಲಕ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ಶೇ. 21.5ಕ್ಕೆ ಏರಿತು. ಕರ್ನಾಟಕದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು, ಶೇ. 31.5. ಎಂದರೆ ನಮ್ಮ ರಾಜ್ಯದಲ್ಲಿ ಹೆರುವ ಮೂವರು ತಾಯಂದಿರಲ್ಲಿ ಹತ್ತಿರಹತ್ತಿರ ಒಬ್ಬರಿಗೆ ಸಿಸೇರಿಯನ್. ಈ ಏರಿಕೆಯೆಲ್ಲ ಅಗತ್ಯವೇ ಎಂಬುದು ಬೇರೆಯೇ ಚರ್ಚೆ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಶಸ್ತ್ರಚಿಕಿತ್ಸೆ ಆಗಿಹೋದ ತಾಯಿಯ ನೋವಿನ ಜವಾಬ್ದಾರಿ ಯಾರದು ಎಂಬುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ಸಕಲೇಶಪುರ, ಆಲೂರು ಸೀಮೆಯ ತಾಯಂದಿರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ಒಬ್ಬ ಗರ್ಭಿಣಿಯನ್ನು ಊಹಿಸಿಕೊಳ್ಳೋಣ. ಮಳೆಗಾಲದ ರಾತ್ರಿ ನೋವು ಕಾಣಿಸಿಕೊಂಡರೆ ಆಕೆ ಮೊದಲು ತಲುಪುವುದು ಸಕಲೇಶಪುರದ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆಯನ್ನೋ, ಪಟ್ಟಣದ ಖಾಸಗಿ ಆಸ್ಪತ್ರೆಯನ್ನೋ. ತೊಡಕಿದ್ದರೆ ಅಲ್ಲಿಂದ ಮುಂದೆ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ, ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಗೆ. ಶಸ್ತ್ರಚಿಕಿತ್ಸೆಯಾಗಿ ಕೆಲವು ದಿನಗಳಲ್ಲಿ ಆಕೆ ಅದೇ ದಾರಿಯಲ್ಲಿ ಹಿಂದಿರುಗಬೇಕು. ಹೆದ್ದಾರಿ ಮುಗಿದ ಮೇಲೆ ತೋಟದ ರಸ್ತೆ, ಏರು, ತಿರುವು, ಹೊಂಡ. ಪ್ರತಿ ಕುಲುಕಾಟಕ್ಕೂ ಹೊಟ್ಟೆಯ ಹೊಲಿಗೆ ಎಳೆಯುತ್ತದೆ. ನೋವನ್ನು ಆಸ್ಪತ್ರೆಯಲ್ಲೇ ಸರಿಯಾಗಿ ಹಿಡಿತಕ್ಕೆ ತಂದಿದ್ದರೆ, ಆಕೆ ಅಷ್ಟರಲ್ಲಿ ನಡೆದಾಡಿ, ಮಗುವಿಗೆ ಹಾಲುಣಿಸಿ, ಮೈಯಲ್ಲಿ ಕಸುವು ತುಂಬಿಕೊಂಡಿರುತ್ತಾಳೆ.

ನೋವು ಒಂದಲ್ಲ, ಎರಡು

ನರತಡೆಯನ್ನು ಅರಿಯಬೇಕಾದರೆ ಮೊದಲು ನೋವನ್ನು ಅರಿಯಬೇಕು. ಸಿಸೇರಿಯನ್ ಆದ ತಾಯಿಗೆ ಎರಡು ಬಗೆಯ ನೋವು ಏಕಕಾಲಕ್ಕೆ ಬರುತ್ತದೆ.

ಮೊದಲನೆಯದು ಹೊಟ್ಟೆಯ ಗೋಡೆಯ ನೋವು. ಶಸ್ತ್ರವೈದ್ಯರು ಕಿಬ್ಬೊಟ್ಟೆಯ ಕೆಳಭಾಗದಲ್ಲಿ ಅಡ್ಡಲಾಗಿ ಚರ್ಮವನ್ನು ಕೊಯ್ದು, ಕೊಬ್ಬಿನ ಪದರವನ್ನೂ ಅದರ ಕೆಳಗಿನ ಗಟ್ಟಿ ಪೊರೆಯನ್ನೂ ಬಿಡಿಸಿ, ಸ್ನಾಯುಗಳನ್ನು ಪಕ್ಕಕ್ಕೆ ಸರಿಸಿ ಗರ್ಭಕೋಶವನ್ನು ತಲುಪುತ್ತಾರೆ. ಈ ಭಾಗದ ನೋವನ್ನು ಮಿದುಳಿಗೆ ಒಯ್ಯುವ ನರಗಳು ಎದೆಯ ಕೆಳಭಾಗ ಮತ್ತು ಸೊಂಟದ ಮೇಲ್ಭಾಗದ ಬೆನ್ನುಹುರಿಯಿಂದ ಹೊರಟು, ಎರಡೂ ಪಕ್ಕೆಗಳ ಮೂಲಕ ಹೊಟ್ಟೆಯ ಮುಂಭಾಗಕ್ಕೆ ಬಂದಿರುತ್ತವೆ. ಕೆಮ್ಮಿದಾಗ, ನಕ್ಕಾಗ, ಮಗ್ಗುಲು ಬದಲಿಸಿದಾಗ, ಹಾಸಿಗೆಯಿಂದ ಏಳುವಾಗ ಚುಚ್ಚಿದಂತೆ ಬರುವುದು ಈ ನೋವು.

ಎರಡನೆಯದು ಗರ್ಭಕೋಶದ ಒಳನೋವು. ಹೆರಿಗೆಯ ನಂತರ ಗರ್ಭಕೋಶವು ಮುದುಡಿ ಹಿಂದಿನ ಗಾತ್ರಕ್ಕೆ ಮರಳತೊಡಗುತ್ತದೆ. ರಕ್ತಸ್ರಾವ ನಿಲ್ಲಬೇಕಾದರೆ ಅದು ಹೀಗೆ ಮುದುಡಲೇಬೇಕು. ಮಗು ಹಾಲು ಚೀಪುವಾಗ ತಾಯಿಯ ದೇಹದಲ್ಲಿ ಉಕ್ಕುವ ಆಕ್ಸಿಟೋಸಿನ್ ಎಂಬ ರಸದೂತ ಈ ಮುದುಡುವಿಕೆಯನ್ನು ಹೆಚ್ಚಿಸುವುದರಿಂದ, ಹಾಲುಣಿಸುವ ಹೊತ್ತಿನಲ್ಲೇ ಹೊಟ್ಟೆ ಹಿಂಡಿದಂತಾಗುತ್ತದೆ. ಎರಡನೆಯ, ಮೂರನೆಯ ಹೆರಿಗೆಯಲ್ಲಿ ಇದು ಇನ್ನೂ ಹೆಚ್ಚು. ಈ ನೋವನ್ನು ಒಯ್ಯುವ ನರಗಳ ದಾರಿಯೇ ಬೇರೆ. ಅವು ಹೊಟ್ಟೆಯ ಗೋಡೆಯೊಳಗೆ ಹಾದುಹೋಗುವುದಿಲ್ಲ.

ಈ ಭೇದವನ್ನು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ನರತಡೆ ಎಂದರೇನು?

ನಮ್ಮ ಹಳ್ಳಿಗಳ ವಿದ್ಯುತ್ ವ್ಯವಸ್ಥೆಯನ್ನೇ ಉದಾಹರಣೆಯಾಗಿ ನೋಡೋಣ. ಲೈನ್‌ಮ್ಯಾನ್ ಟ್ರಾನ್ಸ್‌ಫಾರ್ಮರ್ ಬಳಿ ಸಂಪರ್ಕ ಬಿಡಿಸಿದರೆ ಇಡೀ ಊರಿನ ದೀಪ ಆರುತ್ತದೆ. ಒಂದು ಕಂಬದ ಬಳಿ ಬಿಡಿಸಿದರೆ ಒಂದು ಕೇರಿಯ ದೀಪ ಮಾತ್ರ ಆರುತ್ತದೆ. ಸಿಸೇರಿಯನ್ ಸಮಯದಲ್ಲಿ ಬೆನ್ನಿಗೆ ಕೊಡುವ ಚುಚ್ಚುಮದ್ದು, ಅಂದರೆ ಸ್ಪೈನಲ್ ಅರಿವಳಿಕೆ, ಮೊದಲನೆಯದಕ್ಕೆ ಸಮಾನ. ಅದರಿಂದ ಹೊಟ್ಟೆಯ ಮೇಲ್ಭಾಗದಿಂದ ಪಾದದವರೆಗೆ ಸ್ಪರ್ಶವೂ ಚಲನೆಯೂ ಕೆಲಕಾಲ ನಿಲ್ಲುತ್ತವೆ. ತಾಯಿಗೆ ಎಚ್ಚರವಿರುತ್ತದೆ, ಮಗುವಿನ ಮೊದಲ ಅಳು ಕಿವಿಗೆ ಬೀಳುತ್ತದೆ. ಆದರೆ ಎರಡರಿಂದ ನಾಲ್ಕು ಗಂಟೆಗಳಲ್ಲಿ ಅದರ ಪ್ರಭಾವ ಇಳಿದುಹೋಗುತ್ತದೆ. ನರತಡೆ ಎರಡನೆಯದಕ್ಕೆ ಸಮಾನ. ಗಾಯದ ಭಾಗಕ್ಕೆ ಹೋಗುವ ನರಗಳನ್ನಷ್ಟೇ ಹುಡುಕಿ, ಅವುಗಳ ಸುತ್ತ ಮರಗಟ್ಟಿಸುವ ಔಷಧವನ್ನು ತುಂಬುತ್ತಾರೆ. ನರವನ್ನು ಕತ್ತರಿಸುವುದಿಲ್ಲ, ಸುಡುವುದಿಲ್ಲ. ಔಷಧ ಕರಗಿದಂತೆ ನರ ಮೊದಲಿನಂತೆಯೇ ಕೆಲಸ ಮಾಡುತ್ತದೆ.

ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ವಿದ್ಯೆ ಹೊಸದಲ್ಲ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ದ್ರಾವಣವನ್ನು ಬಳಸಿ ಕಣ್ಣನ್ನು ಮರಗಟ್ಟಿಸಿ ತೋರಿಸಿದರು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಬೆನ್ನಿನ ಮೂಲಕ ಅರಿವಳಿಕೆ ಕೊಡುವ ದಾರಿ ತೆರೆದರು. ಈಗ ಕೊಕೇನ್ ಬದಲಿಗೆ ಬುಪಿವಕೇನ್, ರೋಪಿವಕೇನ್ ಮುಂತಾದ ಔಷಧಗಳು ಬಂದಿವೆ. ಹೊಟ್ಟೆಯ ಗೋಡೆಯ ನರತಡೆ ಮಾತ್ರ ಇತ್ತೀಚಿನದು. 2001ರಲ್ಲಿ ಎ. ಎನ್. ರಫಿ ಎಂಬ ಅರಿವಳಿಕೆ ತಜ್ಞರು ಪಕ್ಕೆಯ ಮೂಲಕ ಈ ನರಗಳನ್ನು ತಲುಪುವ ಸರಳ ಮಾರ್ಗವನ್ನು ವಿವರಿಸಿದರು. ಅದೇ ಇಂದು ‘ಟ್ಯಾಪ್ ಬ್ಲಾಕ್’ ಎಂದು ಪ್ರಸಿದ್ಧವಾಗಿದೆ.

ಕೊಡುವ ಬಗೆ

ಪಕ್ಕೆಯ ಭಾಗದಲ್ಲಿ ಹೊಟ್ಟೆಯ ಗೋಡೆಗೆ ಒಂದರ ಕೆಳಗೊಂದು ಮೂರು ಸ್ನಾಯುಪದರಗಳಿವೆ. ಬಾಳೆದಿಂಡಿನ ಪಟ್ಟೆಗಳಂತೆ ಅವು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ನೋವಿನ ನರಗಳು ಎರಡನೆಯ ಮತ್ತು ಮೂರನೆಯ ಪದರಗಳ ನಡುವಿನ ಸಂದಿಯಲ್ಲಿ ಸಾಗುತ್ತವೆ. ಔಷಧ ಈ ಸಂದಿಯಲ್ಲೇ ಹರಡಬೇಕು. ಮೇಲಿನ ಪದರದಲ್ಲಿ ಉಳಿದರೆ ಫಲವಿಲ್ಲ. ಸೂಜಿ ಇನ್ನೂ ಆಳಕ್ಕೆ ಹೋದರೆ ಅಪಾಯ.

ಶಸ್ತ್ರಚಿಕಿತ್ಸೆ ಮುಗಿದು ಹೊಲಿಗೆ ಹಾಕಿದ ಮೇಲೆ, ಬೆನ್ನಿನ ಚುಚ್ಚುಮದ್ದಿನ ಪ್ರಭಾವ ಇನ್ನೂ ಇರುವಾಗಲೇ, ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ಯಂತ್ರದ ಪರದೆಯಲ್ಲಿ ಈ ಪದರಗಳನ್ನು ನೋಡುತ್ತ ಸೂಜಿಯನ್ನು ಒಯ್ಯುತ್ತಾರೆ. ಔಷಧ ಸಂದಿಯಲ್ಲಿ ಹರಡುವುದು ಪರದೆಯ ಮೇಲೆ ಕಾಣುತ್ತದೆ. ಬಲ ಪಕ್ಕೆಗೆ ಒಮ್ಮೆ, ಎಡ ಪಕ್ಕೆಗೆ ಒಮ್ಮೆ. ಸಾಮಾನ್ಯವಾಗಿ ಒಂದೊಂದು ಕಡೆಗೆ 15ರಿಂದ 20 ಮಿಲಿಲೀಟರ್. ನುರಿತ ಕೈಗೆ ಇದು ಕೆಲವೇ ನಿಮಿಷಗಳ ಕೆಲಸ. ಹೊಟ್ಟೆ ಆಗಲೇ ಮರಗಟ್ಟಿರುವುದರಿಂದ ತಾಯಿಗೆ ಸೂಜಿಯ ನೋವು ತಿಳಿಯುವುದಿಲ್ಲ.

ಅಲ್ಟ್ರಾಸೌಂಡ್ ಯಂತ್ರ ಎಲ್ಲ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲೂ ಇರುವುದಿಲ್ಲ. ಹೆಣ್ಣುಭ್ರೂಣ ಹತ್ಯೆಯನ್ನು ತಡೆಯುವ 1994ರ ಕಾಯ್ದೆಯಡಿ ನಮ್ಮ ದೇಶದಲ್ಲಿ ಇಂತಹ ಪ್ರತಿಯೊಂದು ಯಂತ್ರದ ಬಳಕೆಗೂ ನೋಂದಣಿ ಕಡ್ಡಾಯ. ಅದು ಅಗತ್ಯವಾದ ಕಾಯ್ದೆಯೇ ಸರಿ. ಆದರೆ ಸ್ಕ್ಯಾನಿಂಗ್ ಕೊಠಡಿಯ ಯಂತ್ರವನ್ನು ಬೇಕೆಂದಾಗ ಇನ್ನೊಂದೆಡೆಗೆ ತಳ್ಳಿಕೊಂಡು ಹೋಗುವಂತಿಲ್ಲ. ಯಂತ್ರವಿಲ್ಲದೆಡೆ ಅನುಭವಿ ತಜ್ಞರು ಸೊಂಟದ ಮೂಳೆಯ ಮೇಲಂಚಿನ ಗುರುತನ್ನು ಹಿಡಿದು, ಸೂಜಿ ಪದರ ದಾಟುವುದನ್ನು ಕೈಯಲ್ಲೇ ಗ್ರಹಿಸಿ ಕೊಡುವುದುಂಟು. ಶಸ್ತ್ರವೈದ್ಯರೇ ಹೊಟ್ಟೆ ಮುಚ್ಚುವ ಮುನ್ನ ಒಳಗಿನಿಂದ ಕೊಡುವ ಬಗೆಯೂ ಇದೆ. ಎಲ್ಲಕ್ಕಿಂತ ಸರಳವಾದದ್ದು ಗಾಯದ ಅಂಚುಗಳಿಗೇ ಮರಗಟ್ಟಿಸುವ ಔಷಧವನ್ನು ಚುಚ್ಚುವುದು. ಇದಕ್ಕೆ ಯಾವ ಯಂತ್ರವೂ ಬೇಡ.

‘ಕ್ಯೂ.ಎಲ್. ಬ್ಲಾಕ್’ ಎಂಬ ಇನ್ನೊಂದು ವಿಧಾನದಲ್ಲಿ ಔಷಧವನ್ನು ಇನ್ನೂ ಹಿಂಭಾಗಕ್ಕೆ, ಬೆನ್ನಿನ ಪಕ್ಕದ ಸ್ನಾಯುವಿನ ಬಳಿ ಕೊಡುತ್ತಾರೆ. ಅಲ್ಲಿಂದ ಅದು ಹೆಚ್ಚು ವಿಸ್ತಾರವಾಗಿ ಹರಡಬಹುದು. ಆದರೆ ಅದು ಆಳವಾದ ತಾಣ. ಅಲ್ಟ್ರಾಸೌಂಡ್ ಮತ್ತು ವಿಶೇಷ ತರಬೇತಿ ಅದಕ್ಕೆ ಅನಿವಾರ್ಯ.

ಫಲವೆಷ್ಟು?

ಟ್ಯಾಪ್ ಬ್ಲಾಕ್ ಹೊಟ್ಟೆಯ ಗೋಡೆಯ ನೋವನ್ನು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆಗಳ ಕಾಲ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ, ತಗ್ಗಿಸುತ್ತದೆ. ಗರ್ಭಕೋಶ ಹಿಂಡುವ ಒಳನೋವಿಗೆ ಅದರಿಂದ ಪರಿಹಾರವಿಲ್ಲ. ಆ ನರಗಳ ದಾರಿ ಬೇರೆಯೆಂದು ಮೇಲೆ ಹೇಳಿದೆಯಷ್ಟೆ. ಆದ್ದರಿಂದ “ಬ್ಲಾಕ್ ಕೊಟ್ಟರೂ ಹೊಟ್ಟೆನೋವು ಬಂತು, ಚುಚ್ಚುಮದ್ದು ಹಿಡಿಯಲಿಲ್ಲ” ಎಂದು ಕೂಡಲೇ ತೀರ್ಮಾನಿಸುವುದು ಸರಿಯಲ್ಲ. ಎದ್ದಾಗ ಚುಚ್ಚುವ ನೋವು ಕಡಿಮೆಯಾಗಿ, ಹಾಲುಣಿಸುವಾಗ ಹಿಂಡುವ ನೋವು ಉಳಿದಿದ್ದರೆ, ಬ್ಲಾಕ್ ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ಉಳಿದ ನೋವಿಗೆ ಬೇರೆ ಔಷಧ ಬೇಕು.

2008ರಲ್ಲಿ ಐರ್ಲೆಂಡಿನ ವೈದ್ಯರು ಸಿಸೇರಿಯನ್ ಆದ 50 ಮಹಿಳೆಯರ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಬ್ಲಾಕ್ ಪಡೆಯದ ತಾಯಂದಿರಿಗೆ ಮೊದಲ 48 ಗಂಟೆಗಳಲ್ಲಿ ಸರಾಸರಿ 66 ಮಿಲಿಗ್ರಾಂ ಮಾರ್ಫಿನ್ ಬೇಕಾಯಿತು. ಪಡೆದವರಿಗೆ 18 ಮಿಲಿಗ್ರಾಂ ಸಾಕಾಯಿತು. ಈ ಫಲಿತಾಂಶದಿಂದ ಟ್ಯಾಪ್ ಬ್ಲಾಕ್ ಲೋಕದ ಗಮನ ಸೆಳೆಯಿತು.

ಆದರೆ ಇದರ ಜೊತೆಗೆ ಇನ್ನೊಂದು ಸತ್ಯವನ್ನೂ ಹೇಳಬೇಕು. ಆ ಅಧ್ಯಯನದ ತಾಯಂದಿರಿಗೆ ಬೆನ್ನಿನ ಅರಿವಳಿಕೆಯ ಜೊತೆ ಮಾರ್ಫಿನ್ ಸೇರಿಸಿರಲಿಲ್ಲ. ಬೆನ್ನಿಗೆ ಕೊಡುವ ಔಷಧದೊಡನೆ ಅತ್ಯಲ್ಪ ಮಾರ್ಫಿನ್, ಅಂದರೆ 50ರಿಂದ 100 ಮೈಕ್ರೋಗ್ರಾಂ, ಸೇರಿಸಿದರೆ ಅದೊಂದೇ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಗಳ ಕಾಲ ಎರಡೂ ಬಗೆಯ ನೋವನ್ನು ತಗ್ಗಿಸುತ್ತದೆ. 100 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಭಾಗ ಮಾತ್ರ. ತುರಿಕೆ, ವಾಕರಿಕೆ ಅದರ ಸಾಮಾನ್ಯ ಅಡ್ಡಪರಿಣಾಮಗಳು. ಅಪರೂಪಕ್ಕೆ ಉಸಿರಾಟ ನಿಧಾನವಾಗಬಹುದಾದ್ದರಿಂದ ನಿಗಾ ಬೇಕು. ಹೀಗೆ ಮಾರ್ಫಿನ್ ಪಡೆದ ತಾಯಿಗೆ ಮೇಲೊಂದು ಟ್ಯಾಪ್ ಬ್ಲಾಕ್ ಕೊಟ್ಟರೆ ಹೆಚ್ಚಿನ ಲಾಭ ಕಾಣುವುದಿಲ್ಲವೆಂದು ನಂತರದ ಅಧ್ಯಯನಗಳು ತೋರಿಸಿವೆ. ಶಸ್ತ್ರಚಿಕಿತ್ಸೆಯ ನೋವಿನ ಬಗ್ಗೆ ಮಾರ್ಗಸೂಚಿ ರೂಪಿಸುವ ಪ್ರಾಸ್ಪೆಕ್ಟ್ ಎಂಬ ತಜ್ಞರ ತಂಡ 2021ರಲ್ಲಿ ಪ್ರಕಟಿಸಿದ ಸಲಹೆಯ ಸಾರವೂ ಇದೇ: ಬೆನ್ನಿನ ಮಾರ್ಫಿನ್, ಜೊತೆಗೆ ಪ್ಯಾರಾಸಿಟಮಾಲ್ ಮತ್ತು ಡೈಕ್ಲೋಫಿನಾಕ್ ಅಥವಾ ಐಬುಪ್ರೊಫೇನ್ ಜಾತಿಯ ಔಷಧ, ಬೆನ್ನಿನ ಮಾರ್ಫಿನ್ ಕೊಡದಿದ್ದಲ್ಲಿ ಗಾಯಕ್ಕೆ ಮರಗಟ್ಟಿಸುವ ಔಷಧ ಅಥವಾ ನರತಡೆ.

ನಮ್ಮ ಭಾಗಕ್ಕೆ ಇದರ ಮಹತ್ವ

ಹಾಗಾದರೆ ಎಲ್ಲರಿಗೂ ಬೆನ್ನಿನ ಮಾರ್ಫಿನ್ ಕೊಟ್ಟುಬಿಡಬಹುದಲ್ಲ ಎಂಬ ಪ್ರಶ್ನೆ ಸಹಜ. ನಮ್ಮ ದೇಶದಲ್ಲಿ ಮಾರ್ಫಿನ್ ಸುಲಭವಾಗಿ ಎಲ್ಲ ಆಸ್ಪತ್ರೆಗಳಿಗೂ ಸಿಗುವ ಔಷಧವಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ ಅದರ ದಾಸ್ತಾನಿನ ಮೇಲೆ ಬಿಗಿ ನಿರ್ಬಂಧ ಹೇರಿತು. 2014ರ ತಿದ್ದುಪಡಿ ಚಿಕಿತ್ಸೆಗೆ ಅಗತ್ಯವಾದ ಇಂತಹ ಔಷಧಗಳ ಪರವಾನಗಿಯನ್ನು ಸರಳಗೊಳಿಸಿದರೂ, ಸಣ್ಣ ಊರುಗಳ ಎಷ್ಟೋ ಆಸ್ಪತ್ರೆಗಳು ಇಂದಿಗೂ ಅದನ್ನು ಇಟ್ಟುಕೊಳ್ಳುವುದಿಲ್ಲ. ಬೆನ್ನಿಗೆ ಕೊಡುವ ಮಾರ್ಫಿನ್ ಸಂರಕ್ಷಕ ರಾಸಾಯನಿಕ ಬೆರೆಸದ ವಿಶೇಷ ತಯಾರಿಕೆಯಾಗಿರಬೇಕು. ಕೊಟ್ಟ ಮೇಲೆ ರಾತ್ರಿಯಿಡೀ ತಾಯಿಯ ಉಸಿರಾಟವನ್ನು ಗಮನಿಸಲು ಸಿಬ್ಬಂದಿ ಬೇಕು.

ಈ ಅನುಕೂಲಗಳಿಲ್ಲದ ಕಡೆಯಲ್ಲೇ ನರತಡೆಯ ನಿಜವಾದ ಬೆಲೆ ಇರುವುದು. ಅದಕ್ಕೆ ಬೇಕಾದ ಬುಪಿವಕೇನ್ ಬೆನ್ನಿನ ಅರಿವಳಿಕೆಗೂ ಬಳಕೆಯಾಗುವ ಔಷಧ, ದುಬಾರಿಯಲ್ಲ, ನಿದ್ದೆ, ಮಂಪರು ತರುವುದಿಲ್ಲ. ದೊಡ್ಡ ನಗರದ ಆಸ್ಪತ್ರೆಯಲ್ಲಿ ಬೆನ್ನಿನ ಮಾರ್ಫಿನ್ ಪಡೆದ ತಾಯಿಗಿಂತ, ತಾಲ್ಲೂಕು ಕೇಂದ್ರದಲ್ಲಿ ಅದನ್ನು ಪಡೆಯದ ತಾಯಿಗೆ ಈ ಚುಚ್ಚುಮದ್ದು ಹೆಚ್ಚು ಉಪಕಾರಿ. ನರತಡೆ ನೀಡುವ ತಜ್ಞರು ಆ ಹೊತ್ತಿಗೆ ಇಲ್ಲದಿದ್ದರೂ, ಗಾಯದ ಅಂಚಿಗೆ ಔಷಧ ಚುಚ್ಚುವುದು ಶಸ್ತ್ರವೈದ್ಯರ ಕೈಯಲ್ಲೇ ಇದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಸಮಯವಿದ್ದರೆ ವೈದ್ಯರನ್ನು ವಿನಯದಿಂದ ಹೀಗೆ ಕೇಳಬಹುದು: “ಬೆನ್ನಿನ ಅರಿವಳಿಕೆ ಇಳಿದ ಮೇಲೆ ನೋವಿಗೆ ಏನು ಕೊಡುತ್ತೀರಿ? ಬೆನ್ನಿಗೆ ಮಾರ್ಫಿನ್ ಸೇರಿಸುತ್ತೀರಾ? ಇಲ್ಲವಾದರೆ ಬ್ಲಾಕ್ ಅಥವಾ ಗಾಯಕ್ಕೆ ಚುಚ್ಚುಮದ್ದು ಕೊಡಲು ಸಾಧ್ಯವೇ?” ಇದು ವೈದ್ಯರ ಪರೀಕ್ಷೆಯಲ್ಲ, ತಾಯಿಯ ಹಿತಕ್ಕಾಗಿ ಕೇಳುವ ನ್ಯಾಯವಾದ ಪ್ರಶ್ನೆ. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಮಾತ್ರ ತಾಯಿ-ಮಗುವಿನ ಜೀವವೇ ಮೊದಲು. ಆಗ ಈ ಮಾತುಗಳನ್ನು ನಂತರಕ್ಕೆ ಬಿಡಬೇಕು.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್, ಅದಕ್ಕೆ ಬೇಕಾದ ಔಷಧ, ಪರೀಕ್ಷೆ, ರಕ್ತ, ಏಳು ದಿನಗಳವರೆಗಿನ ಆಹಾರ ಮತ್ತು ಮನೆಗೆ ಮರಳುವ ವಾಹನ ಉಚಿತವಾಗಿರಬೇಕು ಎಂಬುದನ್ನೂ ಓದುಗರು ನೆನಪಿಡಬೇಕು.

ಸುರಕ್ಷತೆ ಮತ್ತು ತೂಕದ ಲೆಕ್ಕ

ಸರಿಯಾದ ಕೈಯಲ್ಲಿ ನರತಡೆ ಸುರಕ್ಷಿತ. ಆದರೂ ಯಾವ ಚಿಕಿತ್ಸೆಯೂ ಅಪಾಯದಿಂದ ಪೂರ್ಣ ಮುಕ್ತವಲ್ಲ. ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗಬಹುದು. ಔಷಧ ಕೆಳಕ್ಕೆ ಹರಿದು ತೊಡೆಯ ನರವನ್ನು ತಲುಪಿದರೆ ಕಾಲು ಕೆಲವು ಗಂಟೆಗಳ ಕಾಲ ಬಲಹೀನವಾಗಬಹುದು. ಸೂಜಿ ಆಳಕ್ಕೆ ಹೋಗಿ ಒಳಾಂಗಕ್ಕೆ ತಾಗುವುದು ಅತ್ಯಂತ ಅಪರೂಪ.

ಎಲ್ಲಕ್ಕಿಂತ ಗಂಭೀರವಾದದ್ದು ಔಷಧದ ಪ್ರಮಾಣ ರಕ್ತದಲ್ಲಿ ಮಿತಿಮೀರುವುದು. ಬುಪಿವಕೇನ್ ಔಷಧವನ್ನು ದೇಹತೂಕದ ಕಿಲೋಗ್ರಾಂಗೆ 2ರಿಂದ 2.5 ಮಿಲಿಗ್ರಾಂ ಮೀರದಂತೆ ಕೊಡುವುದು ರೂಢಿ. 50 ಕಿಲೋ ತೂಕದ ತಾಯಿಗೆ, ಎಚ್ಚರಿಕೆಯ ಲೆಕ್ಕದಲ್ಲಿ, 100 ಮಿಲಿಗ್ರಾಂ. ಶೇ. 0.25ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 2.5 ಮಿಲಿಗ್ರಾಂ ಔಷಧವಿರುತ್ತದೆ. ಒಂದೊಂದು ಪಕ್ಕೆಗೆ 20 ಮಿಲಿಲೀಟರಿನಂತೆ ಒಟ್ಟು 40 ಮಿಲಿಲೀಟರ್ ಕೊಟ್ಟರೆ ಅಲ್ಲಿಗೆ 100 ಮಿಲಿಗ್ರಾಂ ಪೂರ್ಣವಾಯಿತು. 42 ಕಿಲೋ ತೂಗುವ ತಾಯಿಗೆ ಅದೇ ಪ್ರಮಾಣ ಹೆಚ್ಚಾಗುತ್ತದೆ. ಬೆನ್ನಿಗೆ ಕೊಟ್ಟದ್ದು, ಗಾಯಕ್ಕೆ ಚುಚ್ಚಿದ್ದು ಎಲ್ಲವೂ ಇದೇ ಲೆಕ್ಕಕ್ಕೆ ಸೇರಬೇಕು. ಗರ್ಭಿಣಿಯರ ದೇಹ ಈ ಔಷಧಗಳಿಗೆ ಹೆಚ್ಚು ಸೂಕ್ಷ್ಮವಾಗಿರುವುದೂ ಇನ್ನೊಂದು ಕಾರಣ. ತಾಯಿ ಕಾರ್ಡಿನಲ್ಲಿ ತೂಕವನ್ನು ತಿಂಗಳು ತಿಂಗಳು ಬರೆಸುವುದು ಎಷ್ಟು ಮುಖ್ಯ ಎಂಬುದು ಇದರಿಂದ ಮನವರಿಕೆಯಾಗುತ್ತದೆ.

ಬಾಯಿಯ ಸುತ್ತ ಜೋಮು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಶಬ್ದ, ತಲೆಸುತ್ತು, ತಡವರಿಸುವ ಮಾತು ಇವು ಔಷಧ ಹೆಚ್ಚಾದುದರ ಮೊದಲ ಸೂಚನೆಗಳು. ತಾಯಿ ಹೀಗೆಂದರೆ “ಸುಸ್ತಾಗಿರಬೇಕು, ಮಲಗು” ಎನ್ನದೆ ಕೂಡಲೇ ಸಿಬ್ಬಂದಿಗೆ ತಿಳಿಸಬೇಕು. ಕಡೆಗಣಿಸಿದರೆ ಅಪಸ್ಮಾರದಂತಹ ಸೆಳೆತ, ಹೃದಯದ ಲಯ ತಪ್ಪುವಿಕೆ ಉಂಟಾಗಬಹುದು. ಶೇ. 20ರ ಲಿಪಿಡ್ ದ್ರಾವಣವನ್ನು ರಕ್ತನಾಳಕ್ಕೆ ಕೊಡುವುದು ಇದಕ್ಕೆ ಚಿಕಿತ್ಸೆ. ನರತಡೆ ನೀಡುವ ಸ್ಥಳದಲ್ಲಿ ಅದು ಸಿದ್ಧವಾಗಿರಬೇಕು. ಈ ಮೊದಲು ಇಂತಹ ಔಷಧಗಳಿಂದ ಅಲರ್ಜಿಯಾಗಿದ್ದರೆ, ರಕ್ತ ಹೆಪ್ಪುಗಟ್ಟದ ತೊಂದರೆಯಿದ್ದರೆ, ಚುಚ್ಚುವ ಜಾಗದಲ್ಲಿ ಸೋಂಕಿದ್ದರೆ ಮುಂಚಿತವಾಗಿಯೇ ಹೇಳಬೇಕು.

ಸಾಮಾನ್ಯ ಸಂದೇಹಗಳು

*ಎದೆಹಾಲಿಗೆ ತೊಂದರೆಯಾಗುವುದೇ?* ಇಲ್ಲ. ಮರಗಟ್ಟಿಸುವ ಔಷಧ ಎದೆಹಾಲಿಗೆ ಸೇರುವುದು ಅತ್ಯಲ್ಪ. ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫಿನಾಕ್ ಔಷಧಗಳನ್ನೂ ಹಾಲುಣಿಸುವ ತಾಯಂದಿರು ವೈದ್ಯರ ಸಲಹೆಯಂತೆ ಸೇವಿಸಬಹುದು. ಟ್ರಮಡಾಲ್ ಮತ್ತು ಕೊಡೀನ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೆಲವು ತಾಯಂದಿರ ದೇಹದಲ್ಲಿ ಅವು ಬೇಗನೆ ಪ್ರಬಲ ರೂಪಕ್ಕೆ ತಿರುಗಿ, ಹಾಲಿನ ಮೂಲಕ ಮಗುವಿಗೆ ಮಂಪರು, ಉಸಿರಾಟದ ತೊಂದರೆ ತರಬಹುದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಾಲುಣಿಸುವ ತಾಯಂದಿರಿಗೆ ಅವು ಸಲ್ಲವೆಂದು ಎಚ್ಚರಿಸಿತು. ಔಷಧದಂಗಡಿಯಲ್ಲಿ “ಗಟ್ಟಿ ನೋವಿನ ಮಾತ್ರೆ” ಕೇಳಿ ತರುವ ಅಭ್ಯಾಸವನ್ನು ಬಿಡಬೇಕು.

*ಬೆನ್ನಿಗೆ ಚುಚ್ಚಿದ್ದರಿಂದ ಜೀವನಪೂರ್ತಿ ಬೆನ್ನುನೋವು ಬರುವುದೇ?* ಇದು ಬಹುಜನರ ಭಯ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೆ ಗರ್ಭಾವಸ್ಥೆಯಲ್ಲಿ ಸಡಿಲಗೊಂಡ ಕೀಲುಗಳು, ಬಲ ಕಳೆದುಕೊಂಡ ಹೊಟ್ಟೆಯ ಸ್ನಾಯುಗಳು, ಬಾಗಿ ಹಾಲುಣಿಸುವ ಭಂಗಿ, ವಿಶ್ರಾಂತಿಯಿಲ್ಲದ ದುಡಿಮೆ ಮುಖ್ಯ ಕಾರಣಗಳು. ಎದ್ದು ಕುಳಿತಾಗ ಹೆಚ್ಚಾಗಿ, ಮಲಗಿದಾಗ ಕಡಿಮೆಯಾಗುವ ತೀವ್ರ ತಲೆನೋವು ಬಂದರೆ ಮಾತ್ರ ಅದು ಬೆನ್ನಿನ ಚುಚ್ಚುಮದ್ದಿಗೆ ಸಂಬಂಧಿಸಿರಬಹುದು. ಅದಕ್ಕೆ ಚಿಕಿತ್ಸೆಯಿದೆ.

*ಬ್ಲಾಕ್ ಇದ್ದರೆ ಮಾತ್ರೆ ಬೇಡವೇ?* ಬೇಕು. ಬ್ಲಾಕ್ ಇಳಿಯುವ ಹೊತ್ತು ಬಹುಪಾಲು ನಡುರಾತ್ರಿಯೋ ಮುಂಜಾವವೋ ಆಗಿರುತ್ತದೆ. ಅಲ್ಲಿಯವರೆಗೆ ನೋವಿಲ್ಲವೆಂದು ಮಾತ್ರೆ ಬಿಟ್ಟರೆ ನೋವು ಒಮ್ಮೆಲೇ ಎರಗುತ್ತದೆ. ಮೊದಲ ಎರಡು ಮೂರು ದಿನ ನೋವಿನ ಔಷಧವನ್ನು ನೋವು ಬಂದಾಗಲ್ಲ, ಗಡಿಯಾರ ನೋಡಿ, ವೈದ್ಯರು ಹೇಳಿದ ಹೊತ್ತಿಗೆ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ, ಅಧಿಕ ರಕ್ತದೊತ್ತಡ ಇದ್ದವರು ಅದನ್ನು ಮೊದಲೇ ತಿಳಿಸಬೇಕು. ಡೈಕ್ಲೋಫಿನಾಕ್ ಜಾತಿಯ ಔಷಧ ಎಲ್ಲರಿಗೂ ಹೊಂದುವುದಿಲ್ಲ.

*ನೋವು ತಡೆದುಕೊಂಡರೆ ಒಳ್ಳೆಯದಲ್ಲವೇ?* ಅಲ್ಲ. ನೋವಿಗೆ ಹೆದರಿ ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಳವಾಗಿ ಉಸಿರೆಳೆಯದೆ, ಕೆಮ್ಮದೆ ಇದ್ದರೆ ಕಫ ಕಟ್ಟುತ್ತದೆ. ಕುಳಿತು ಹಾಲುಣಿಸಲಾಗದೆ ಹಾಲು ಕಟ್ಟಿಕೊಳ್ಳುತ್ತದೆ. ಮೊದಲ ದಿನಗಳ ತೀವ್ರ ನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವ ನೋವಿಗೂ, ಬಾಣಂತಿಯ ಮನೋಖಿನ್ನತೆಗೂ ಜೊತೆಗಾರನಾಗುತ್ತದೆ.

ಬಾಣಂತನದಲ್ಲಿ ಮನೆಯವರ ಪಾತ್ರ

ಬ್ಲಾಕ್ ಪಡೆದ ತಾಯಿ ಮೊದಲ ಬಾರಿ ಹಾಸಿಗೆಯಿಂದ ಇಳಿಯುವಾಗ ಒಬ್ಬಳೇ ಇಳಿಯಬಾರದು. ಕಾಲಿನಲ್ಲಿ ಬಲ ಬಂದಿದೆಯೇ ಎಂದು ನೋಡಿ, ಇಬ್ಬರು ಹಿಡಿದುಕೊಂಡು ನಿಲ್ಲಿಸಬೇಕು. ಏಳುವಾಗ ನೇರವಾಗಿ ಏಳದೆ, ಒಂದು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳುವುದು ಹಿತ. ಕೆಮ್ಮು ಬಂದಾಗ ಮಡಿಸಿದ ಸೀರೆಯನ್ನೋ ಸಣ್ಣ ದಿಂಬನ್ನೋ ಗಾಯದ ಮೇಲೆ ಒತ್ತಿ ಹಿಡಿದರೆ ಎಳೆತ ಕಡಿಮೆಯಾಗುತ್ತದೆ. ಮನೆಗೆ ಮರಳುವ ತೋಟದ ರಸ್ತೆಯ ಪಯಣದಲ್ಲೂ ಇದೇ ದಿಂಬು ನೆರವಾಗುತ್ತದೆ.

ಮಲೆನಾಡಿನ ಚಳಿಮಳೆಯಲ್ಲಿ ಬಾಣಂತಿಗೆ ಕೆಂಡದ ಶಾಖ, ಬಿಸಿನೀರಿನ ಚೀಲ, ಸುಡುನೀರಿನ ಸ್ನಾನ ರೂಢಿಯಲ್ಲಿವೆ. ಚರ್ಮ ಮರಗಟ್ಟಿರುವಾಗ ಹೊಟ್ಟೆಗೆ ಶಾಖ ಕೊಟ್ಟರೆ ಸುಟ್ಟರೂ ತಿಳಿಯುವುದಿಲ್ಲ. ಬ್ಲಾಕ್ ಪೂರ್ಣ ಇಳಿಯುವವರೆಗೆ ಶಾಖ ಬೇಡವೇ ಬೇಡ. ಗಾಯ ಮಾಯುವವರೆಗೆ ಅದರ ಮೇಲೆ ಶಾಖವೂ ಎಣ್ಣೆಯೂ ಬೇಡ. ಹೊಟ್ಟೆ ಇಳಿಯಲೆಂದು ಬಟ್ಟೆಯನ್ನು ಬಿಗಿದು ಕಟ್ಟುವುದನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ನೀರು ಕುಡಿದರೆ ಗಾಯ ಮಾಯುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಹಾಲುಣಿಸುವ ತಾಯಿಗೆ ನೀರು, ತರಕಾರಿ, ಬೇಳೆ ಎಲ್ಲವೂ ಹೆಚ್ಚೇ ಬೇಕು. ತೋಟದ ಲೈನ್ ಮನೆಗಳ ತಾಯಂದಿರು ಬೇಗನೆ ಕೆಲಸಕ್ಕೆ ಮರಳುವ ಒತ್ತಡದಲ್ಲಿರುತ್ತಾರೆ. ಕಾನೂನಿನ ಹೆರಿಗೆ ಸೌಲಭ್ಯ ಪ್ಲಾಂಟೇಷನ್ ಕಾರ್ಮಿಕರಿಗೂ ಅನ್ವಯಿಸುತ್ತದೆ. ಅರ್ಹರಾದವರಿಗೆ ಮೊದಲ ಎರಡು ಮಕ್ಕಳ ಹೆರಿಗೆಯಲ್ಲಿ 26 ವಾರಗಳ ವೇತನಸಹಿತ ರಜೆ ಇದೆ.

ನೋವು ದಿನೇದಿನೇ ಇಳಿಯಬೇಕು. ಇಳಿದ ನೋವು ಮತ್ತೆ ಏರಿದರೆ ಅದು ಎಚ್ಚರಿಕೆಯ ಗಂಟೆ. ಜ್ವರ, ಗಾಯದಲ್ಲಿ ಕೀವು ಅಥವಾ ಕೆಂಪಾಗಿ ಊದಿಕೊಳ್ಳುವುದು, ದುರ್ವಾಸನೆಯ ಸ್ರಾವ, ಒಂದು ಗಂಟೆಯೊಳಗೆ ಬಟ್ಟೆ ಪೂರ್ಣ ನೆನೆಯುವಷ್ಟು ರಕ್ತಸ್ರಾವ, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಬಾವು, ಉಸಿರಾಟಕ್ಕೆ ತೊಂದರೆ, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾಗುವುದು, ಸೆಳೆತ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ, ಆನೆ ಅಡ್ಡ ನಿಲ್ಲುವ ಊರುಗಳವರು ಹೆರಿಗೆಯ ದಿನ ಹತ್ತಿರವಾದಾಗ, ಹೆರಿಗೆಯಾದ ಮೊದಲ ವಾರಗಳಲ್ಲಿ, ಪಟ್ಟಣಕ್ಕೆ ಹತ್ತಿರದ ಬಂಧುಗಳ ಮನೆಯಲ್ಲಿ ತಾಯಿಯನ್ನು ಇರಿಸುವುದು ವಿವೇಕ.

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಜನನಸೂತಕವೂ ಒಂದು. ಹೆತ್ತ ತಾಯಿ ಮುಟ್ಟಬಾರದವಳಲ್ಲ, ಮೂಲೆಗೆ ಸರಿಸಬೇಕಾದವಳಲ್ಲ ಎಂಬ ಅರಿವು ನಮ್ಮ ಮನೆಗಳಿಗೆ ಅಂದೇ ದೊರೆಯಿತು. ಆಕೆಯ ನೋವನ್ನೂ ಹಾಗೆಯೇ ಮೂಲೆಗೆ ಸರಿಸಬಾರದು. ಸಿಸೇರಿಯನ್ ಆದ ತಾಯಿ “ನೋಯುತ್ತಿದೆ” ಎಂದರೆ ಅದನ್ನು ನಂಬುವುದು ಮೊದಲ ಚಿಕಿತ್ಸೆ. ಅತ್ತೆಯಾಗಲಿ, ತಾಯಿಯಾಗಲಿ, ಗಂಡನಾಗಲಿ, ಆ ಮಾತನ್ನು ದಾದಿಯರ, ವೈದ್ಯರ ಕಿವಿಗೆ ತಲುಪಿಸುವುದು ಎರಡನೆಯದು. ಚುಚ್ಚುಮದ್ದು, ಮಾತ್ರೆಗಳೆಲ್ಲ ಅದರ ನಂತರ ಬರುತ್ತವೆ.